ಎಂಟಿಟಿ ಮ್ಯಾನೇಜರ್ ನಲ್ ಬಂದಾಗ: ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ದೋಷ ಹುಡುಕುವ ದಾರಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನಾವು ಬರೆದುಕೊಟ್ಟ ತಂತ್ರಾಂಶ ಓಡುತ್ತಿದೆ. ಮೆಣಸಿನಕಾಯಿ ಚೀಲ ಒಳಗೆ ಬಂದಾಗ ರೈತರ ಹೆಸರು, ಊರು, ತಳಿ ಕಡ್ಡಿಯೋ ಡಬ್ಬಿಯೋ, ಎಷ್ಟು ಚೀಲ, ಎಷ್ಟು ತೂಕ, ಯಾವ ಕೋಣೆ, ಯಾವ ಸಾಲು ಎಂಬುದನ್ನೆಲ್ಲ ದಾಖಲಿಸಿ ರಸೀದಿ ಕೊಡುವುದು ಅದರ ಕೆಲಸ. ಫೆಬ್ರುವರಿಯ ಒಂದು ಬೆಳಿಗ್ಗೆ, ಆವಕ ಜೋರಾಗಿದ್ದ ದಿನ, ಅಲ್ಲಿನ ಗುಮಾಸ್ತರು ಹುಬ್ಬಳ್ಳಿಯ ನಮ್ಮ ಕಚೇರಿಗೆ ಕರೆ ಮಾಡಿದರು. "ಸರ್, ಕಡ್ಡಿಗೆ ರಸೀದಿ ಬರುತ್ತಿದೆ, ಡಬ್ಬಿಗೆ ಬರುತ್ತಿಲ್ಲ ನೋಡಿರಿ. ಗೇಟಿನ ಹೊರಗೆ ಹನ್ನೆರಡು ಗಾಡಿ ನಿಂತಿವೆ" ಎಂದರು.

ಆ ರಸೀದಿಯನ್ನು ಬರಿಯ ಕಾಗದವೆಂದು ತಿಳಿಯಬಾರದು. ದರ ಏರುವ ತನಕ ಮಾಲು ಇಟ್ಟ ರೈತನಿಗೆ ಅದೇ ಆಧಾರ, ಅದನ್ನು ತೋರಿಸಿಯೇ ಅವನು ಸಾಲ ಕೇಳುತ್ತಾನೆ. ಹಾಗಾಗಿ ಈ ದೋಷವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಡೇಟಾಬೇಸ್ ಓಡುತ್ತಿತ್ತು, ಪಾಸ್‌ವರ್ಡ್ ಸರಿಯಿತ್ತು, ಡಿಸ್ಕ್‌ನಲ್ಲಿ ಜಾಗವಿತ್ತು. ಲಾಗ್‌ನಲ್ಲಿ ಮಾತ್ರ ನಲ್ ಪಾಯಿಂಟರ್ ಎಕ್ಸೆಪ್ಶನ್, ಅಂದರೆ ಖಾಲಿ (ನಲ್) ಇರುವುದನ್ನು ಬಳಸಹೋದಾಗ ಬರುವ ದೋಷ, ಸಾಲುಸಾಲಾಗಿ ಬಿದ್ದಿತ್ತು. ಡೇಟಾಬೇಸ್‌ಗೆ ಬರೆಯಬೇಕಾದ ಎಂಟಿಟಿ ಮ್ಯಾನೇಜರ್ ಆ ಕ್ಲಾಸಿನೊಳಗೆ ಬಂದೇ ಇರಲಿಲ್ಲ. ಇಂಥ ಸಂದರ್ಭದಲ್ಲಿ ಎಲ್ಲಿಂದ ಹುಡುಕಲು ಆರಂಭಿಸಬೇಕು, ಯಾವುದನ್ನು ಮೊದಲು ತಳ್ಳಿಹಾಕಬೇಕು ಎಂಬುದನ್ನು ನಾವು ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲಾಗ್, ಅದೂ ಮೇಲಿನಿಂದ

ಲಾಗ್‌ನ ಕೊನೆಯ ಸಾಲನ್ನು ಓದಿ ಕೋಡ್‌ಗೆ ಕೈ ಹಾಕುವುದು ಎಲ್ಲರಿಗೂ ಇರುವ ಅಭ್ಯಾಸ. ಇದನ್ನು ಬಿಡಬೇಕು. ದೋಷ ಯಾವ ಹೊತ್ತಿನಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅಪ್ಲಿಕೇಶನ್ ಸರ್ವರ್‌ಗೆ ಏರುವಾಗಲೇ ಬಂದ ದೋಷವಾದರೆ ಕಂಟೈನರ್ (ಸರ್ವರ್‌ನೊಳಗೆ ಅಪ್ಲಿಕೇಶನ್‌ನ ಆಬ್ಜೆಕ್ಟ್‌ಗಳನ್ನು ನೋಡಿಕೊಳ್ಳುವ ಭಾಗ) ನಿಮ್ಮ ಅನೊಟೇಶನ್ (ಕೋಡ್‌ಗೆ ಹಚ್ಚಿದ ಸೂಚನೆ) ಓದಿದೆ, ಕೇಳಿದ್ದನ್ನು ಒದಗಿಸಲು ಅದಕ್ಕೆ ಆಗಲಿಲ್ಲ ಎಂದು ಅರ್ಥ. ಏರುವಾಗ ಎಲ್ಲವೂ ಸುಸೂತ್ರವಾಗಿದ್ದು, ಯಾರೋ ಬಟನ್ ಒತ್ತಿದಾಗ ನಲ್ ಬಂದರೆ ಕಂಟೈನರ್ ಆ ಅನೊಟೇಶನ್ ಅನ್ನು ನೋಡಿಯೇ ಇಲ್ಲ. ಮೊದಲನೆಯದು ಕೂಗಿ ಹೇಳುವ ದೋಷ, ಸುಲಭ. ಎರಡನೆಯದು ಮೌನವಾಗಿ ಕುಳಿತಿರುವ ದೋಷ, ನಮ್ಮ ಹೊತ್ತನ್ನೆಲ್ಲ ತಿನ್ನುವುದು ಅದೇ.

ಮೌನದ ದೋಷದಲ್ಲೂ ಒಂದು ಸುಳಿವು ಸಿಗುತ್ತದೆ. ಜಾವಾ 14ರಲ್ಲಿ ನಲ್ ಪಾಯಿಂಟರ್ ಸಂದೇಶಕ್ಕೆ ವಿವರ ಸೇರಿತು. 15ರಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ಅಂದು ನಮ್ಮ ಲಾಗ್‌ನಲ್ಲಿದ್ದ ಸಾಲನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: "ಜಕಾರ್ತಾ ಡಾಟ್ ಪರ್ಸಿಸ್ಟೆನ್ಸ್ ಡಾಟ್ ಎಂಟಿಟಿ ಮ್ಯಾನೇಜರ್‌ನ ಪರ್ಸಿಸ್ಟ್ ಅನ್ನು ಕರೆಯಲಾಗದು, ಏಕೆಂದರೆ ದಿಸ್ ಡಾಟ್ ಇಎಂ ನಲ್ ಆಗಿದೆ." ಒಂದೇ ಸಾಲಿನಲ್ಲಿ ಎರಡು ಉತ್ತರ ಸಿಕ್ಕವು. ನಲ್ ಆಗಿದ್ದು ಎಂಟಿಟಿ ಮ್ಯಾನೇಜರ್ ಇರುವ ಫೀಲ್ಡ್, ಬೇರೆ ಯಾವುದೋ ಅಲ್ಲ. ಅದರ ಪ್ಯಾಕೇಜ್ ಜಕಾರ್ತಾ, ಹಳೆಯ ಜಾವಾಎಕ್ಸ್ ಅಲ್ಲ. ಈ ಎರಡನೆಯ ಮಾತಿನ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ.

ಈ ಆಬ್ಜೆಕ್ಟ್ ಹುಟ್ಟಿಸಿದವರು ಯಾರು?

ನಲ್ ಬಂದಾಗ ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ನಾನು ಹೇಳುತ್ತೇನೆ. ಎಂಟಿಟಿ ಮ್ಯಾನೇಜರ್ ಬೇಕೆಂದು ಕೇಳುವ ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್ ಅನೊಟೇಶನ್ ಹಚ್ಚಿದ ಮಾತ್ರಕ್ಕೆ ಫೀಲ್ಡ್‌ಗೆ ಏನೂ ಬಂದು ಕೂರುವುದಿಲ್ಲ. ಜಾವಾ ಭಾಷೆಯ ಲೆಕ್ಕದಲ್ಲಿ ಅನೊಟೇಶನ್ ಎಂದರೆ ಚೀಲಕ್ಕೆ ಕಟ್ಟಿದ ಚೀಟಿ. ಗೇಟಿನಿಂದ ಒಳಬಂದ ಚೀಲದ ಚೀಟಿಯನ್ನು ಹಮಾಲರು ಓದುತ್ತಾರೆ, ಅದರಂತೆ ಕೋಣೆಗೆ ಸಾಗಿಸುತ್ತಾರೆ. ಕಾಂಪೌಂಡ್ ಗೋಡೆಯ ಮೇಲಿಂದ ಒಳಗೆ ಎಸೆದ ಚೀಲಕ್ಕೂ ಚೀಟಿ ಇರುತ್ತದೆ, ಓದುವವರು ಯಾರೂ ಇರುವುದಿಲ್ಲ. ಕಂಟೈನರ್ ತಾನೇ ಹುಟ್ಟಿಸಿದ ಆಬ್ಜೆಕ್ಟ್‌ಗಳಿಗೆ ಮಾತ್ರ ಇಂಜೆಕ್ಷನ್ ಮಾಡುತ್ತದೆ, ಅಂದರೆ ಬೇಕಾದದ್ದನ್ನು ತಂದು ಫೀಲ್ಡ್‌ನಲ್ಲಿ ತುಂಬುತ್ತದೆ. ನೀವು 'ನ್ಯೂ' ಎಂದು ಬರೆದು ಹುಟ್ಟಿಸಿದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಕಂಪೈಲರ್ ಕೂಡ ಎಚ್ಚರಿಸುವುದಿಲ್ಲ, ಏಕೆಂದರೆ ವ್ಯಾಕರಣದಲ್ಲಿ ತಪ್ಪೇ ಇಲ್ಲ.

ದೊಡ್ಡ ಕೋಡ್‌ನಲ್ಲಿ ಯಾರು ಹುಟ್ಟಿಸಿದರು ಎಂಬುದು ಕಣ್ಣಿಗೆ ಕಾಣದಿದ್ದರೆ ಒಂದು ಉಪಾಯವಿದೆ. ನಲ್ ಬರುತ್ತಿರುವ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ, ಪರೀಕ್ಷೆಯ ಮಟ್ಟಿಗೆ, ಒಂದು ಹೊಸ ಎಕ್ಸೆಪ್ಶನ್ ಮಾಡಿ ಅದರ ಸ್ಟ್ಯಾಕ್ ಟ್ರೇಸ್ ಮುದ್ರಿಸಿ, ಎಸೆಯುವುದು ಬೇಡ. ಅಲ್ಲಿ ಕನ್‌ಸ್ಟ್ರಕ್ಟರ್‌ನ ಮರುಸಾಲಿನಲ್ಲೇ ನಿಮ್ಮದೇ ಸರ್ವ್ಲೆಟ್‌ನ (ಬ್ರೌಸರ್‌ನ ಕೋರಿಕೆಗೆ ಉತ್ತರಿಸುವ ಕ್ಲಾಸ್‌ನ) ಹೆಸರು ಕಂಡರೆ ಹುಟ್ಟಿಸಿದವರು ನೀವು. ಕಂಟೈನರ್‌ನ ಪ್ಯಾಕೇಜ್‌ಗಳೋ ರಿಫ್ಲೆಕ್ಷನ್ ಸಾಲುಗಳೋ ಕಂಡರೆ ಹುಟ್ಟಿಸಿದ್ದು ಕಂಟೈನರ್. ಇಲ್ಲೊಂದು ಎಚ್ಚರಿಕೆ: ಸಿಡಿಐ ಬೀನ್‌ಗಳಿಗೆ (ಕಂಟೈನರ್ ಹುಟ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್‌ಗಳಿಗೆ) ಪ್ರಾಕ್ಸಿ, ಅಂದರೆ ಮುಂದೆ ನಿಲ್ಲುವ ಪ್ರತಿನಿಧಿ, ಮಾಡುವಾಗಲೂ ಕನ್‌ಸ್ಟ್ರಕ್ಟರ್ ಓಡಬಹುದು. ಆದ್ದರಿಂದ ಎಷ್ಟು ಸಲ ಓಡಿತು ಎಂದು ಎಣಿಸಬೇಡಿ, ಯಾರು ಕರೆದರು ಎಂಬುದನ್ನಷ್ಟೇ ನೋಡಿ.

ನಮ್ಮಲ್ಲಿ ಕಂಡಿದ್ದು ಸರ್ವ್ಲೆಟ್‌ನ ಹೆಸರು, ಡೂಪೋಸ್ಟ್ ಮೆಥಡ್, 88ನೆಯ ಸಾಲು. ಡಬ್ಬಿಯ ಬಾಡಿಗೆ ಲೆಕ್ಕ ಬೇರೆ ಬೇಕು ಎಂದು ಮಾಲೀಕರು ಕೇಳಿದ್ದರು. ನಮ್ಮ ತಂಡದ ಹುಡುಗ ಅದಕ್ಕೊಂದು ಹೊಸ ಸೇವಾ ಕ್ಲಾಸ್ ಬರೆದು, ಅದರಲ್ಲಿ ಅನೊಟೇಶನ್ ಸರಿಯಾಗಿಯೇ ಹಚ್ಚಿ, ಸರ್ವ್ಲೆಟ್‌ನ 'ಡಬ್ಬಿಯಾದರೆ' ಎಂಬ ಕವಲಿನಲ್ಲಿ ಅದನ್ನು 'ನ್ಯೂ' ಹಾಕಿ ಕರೆದಿದ್ದ. ಕಡ್ಡಿಯ ಸೇವೆ ಹಳೆಯದು, ಇಂಜೆಕ್ಟ್ ಆಗಿ ಬಂದದ್ದು, ಹಾಗಾಗಿ ಅದು ನಡೆಯುತ್ತಿತ್ತು. ಗುಮಾಸ್ತರು ಫೋನಿನಲ್ಲಿ ಹೇಳಿದ ಮೊದಲ ಮಾತಿನಲ್ಲೇ ಉತ್ತರವಿತ್ತು. ಒಂದು ನಡೆಯುತ್ತಿದೆ, ಇನ್ನೊಂದು ಇಲ್ಲ ಎಂದಮೇಲೆ ಡೇಟಾಬೇಸ್‌ನ ಕಡೆ ತಲೆ ಹಾಕುವ ಅಗತ್ಯವೇ ಇರಲಿಲ್ಲ. ನಾನು ಮೊದಲು ಅಲ್ಲಿಗೇ ಹೋಗಿ ಅರ್ಧ ಗಂಟೆ ಕಳೆದೆ.

ಪರಿಹಾರ ಸಣ್ಣದು. ಆ ಸೇವಾ ಕ್ಲಾಸ್‌ಗೆ ರಿಕ್ವೆಸ್ಟ್ ಸ್ಕೋಪ್ ಅನೊಟೇಶನ್ ಕೊಟ್ಟು ಸಿಡಿಐ ಬೀನ್ ಮಾಡಿ, ಸರ್ವ್ಲೆಟ್‌ನಲ್ಲಿ ಇಂಜೆಕ್ಟ್ ಅನೊಟೇಶನ್‌ನಿಂದ ತರಿಸಿಕೊಂಡೆವು, 'ನ್ಯೂ' ಅಳಿಸಿದೆವು.

'ನ್ಯೂ' ಎಲ್ಲ ಕಡೆಯೂ ಇಷ್ಟು ಎದ್ದು ಕಾಣುವುದಿಲ್ಲ. ರೆಸ್ಟ್ ಸೇವೆಯ ಅಪ್ಲಿಕೇಶನ್ ಕ್ಲಾಸ್‌ನಲ್ಲಿ ಸಿಂಗಲ್ಟನ್‌ಗಳ ಪಟ್ಟಿಗೆ ಕೈಯಿಂದ ಮಾಡಿದ ಆಬ್ಜೆಕ್ಟ್ ಸೇರಿಸಿರುತ್ತಾರೆ. ಫಿಲ್ಟರ್ ಅನ್ನು ಕೋಡ್‌ನಿಂದಲೇ ನೋಂದಾಯಿಸುವವರು ಕ್ಲಾಸ್ ಕೊಡುವ ಬದಲು ತಯಾರಾದ ಆಬ್ಜೆಕ್ಟ್ ಕೊಟ್ಟುಬಿಡುತ್ತಾರೆ. ರಾತ್ರಿ ಲೆಕ್ಕ ಮಾಡುವ ಕೆಲಸವನ್ನು ಕ್ವಾರ್ಟ್ಜ್‌ನಂಥ ಶೆಡ್ಯೂಲರ್‌ಗೆ ಒಪ್ಪಿಸಿದ್ದರೆ ಆ ಕೆಲಸದ ಆಬ್ಜೆಕ್ಟ್ ಹುಟ್ಟಿಸುವುದು ಶೆಡ್ಯೂಲರ್, ಕಂಟೈನರ್ ಅಲ್ಲ. ವೆಬ್ ಪುಟ ಕಟ್ಟುವ ಜೆಎಸ್‌ಎಫ್‌ನ ಕನ್ವರ್ಟರ್‌ಗಳಿಗೂ ಇದೇ ಕಥೆ. 2.3ರ ಆವೃತ್ತಿಯಿಂದ ಅವುಗಳ ಅನೊಟೇಶನ್‌ನಲ್ಲಿ ಮ್ಯಾನೇಜ್ಡ್ ಎಂದು ಟ್ರೂ ಕೊಟ್ಟರೆ ಮಾತ್ರ ಇಂಜೆಕ್ಷನ್ ಸಿಗುತ್ತದೆ. ಜೆಎಸ್‌ಪಿ ಪುಟದೊಳಗೆ ಸಿಗುವುದೇ ಇಲ್ಲ. ಸ್ಟ್ಯಾಟಿಕ್ ಫೀಲ್ಡ್‌ಗೂ ಇಲ್ಲ. 'ಯುಟಿಲ್' ಎಂದು ಹೆಸರಿಟ್ಟ ಕ್ಲಾಸಿನಲ್ಲಿ ಸ್ಟ್ಯಾಟಿಕ್ ಎಂಟಿಟಿ ಮ್ಯಾನೇಜರ್ ಕಂಡರೆ ಅಲ್ಲೇ ನಿಲ್ಲಿಸಿ.

ಆಬ್ಜೆಕ್ಟ್ ಅನ್ನು ಕಂಟೈನರ್ ಹುಟ್ಟಿಸಿದ್ದರೂ ಕನ್‌ಸ್ಟ್ರಕ್ಟರ್‌ನೊಳಗೆ ಫೀಲ್ಡ್ ನಲ್ ಆಗಿಯೇ ಇರುತ್ತದೆ. ಕೂಸು ಹುಟ್ಟಿದ ಮೇಲಲ್ಲವೇ ಕುಲಾವಿ? ಇಂಜೆಕ್ಷನ್ ನಡೆಯುವುದು ಕನ್‌ಸ್ಟ್ರಕ್ಟರ್ ಮುಗಿದ ನಂತರ. ಆರಂಭದ ಕೆಲಸವಿದ್ದರೆ ಪೋಸ್ಟ್ ಕನ್‌ಸ್ಟ್ರಕ್ಟ್ ಅನೊಟೇಶನ್ ಇರುವ ಮೆಥಡ್‌ಗೆ ಸಾಗಿಸಿ.

ಕಂಟೈನರ್ ಹುಟ್ಟಿಸಿದರೂ ನಲ್ ಬಂದರೆ

ಹುಟ್ಟಿಸಿದ್ದು ಕಂಟೈನರ್ ಎಂದು ಖಾತ್ರಿಯಾದರೆ ಅದು ಚೀಟಿಯನ್ನು ಓದದಿರಲು ಕಾರಣವೇನೆಂದು ನೋಡಬೇಕು.

ಈಚೆಗೆ ಹೆಚ್ಚು ಕಾಡುವುದು ಪ್ಯಾಕೇಜ್ ಹೆಸರು. ಜಾವಾ ಪರ್ಸಿಸ್ಟೆನ್ಸ್ 2006ರಲ್ಲಿ ಜಾವಾ ಇಇ 5ರ ಜೊತೆ ಬಂದಾಗ ಅದರ ಪ್ಯಾಕೇಜ್ ಜಾವಾಎಕ್ಸ್ ಡಾಟ್ ಪರ್ಸಿಸ್ಟೆನ್ಸ್ ಆಗಿತ್ತು. ಹೊಣೆ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋದ ಮೇಲೆ, 2020ರ ಜಕಾರ್ತಾ ಇಇ 9ರಲ್ಲಿ, ಅದು ಜಕಾರ್ತಾ ಡಾಟ್ ಪರ್ಸಿಸ್ಟೆನ್ಸ್ ಆಯಿತು. ಟಾಮ್‌ಕ್ಯಾಟ್‌ನಲ್ಲಿ 9ಕ್ಕೂ 10ಕ್ಕೂ ನಡುವೆ ಇದೇ ಗಡಿ. ಹೊಸ ಸರ್ವರ್‌ನ ಮಟ್ಟಿಗೆ ಹಳೆಯ ಹೆಸರಿನ ಅನೊಟೇಶನ್ ಯಾವುದೋ ಗುರುತಿಲ್ಲದ ಚೀಟಿ. ಹಳೆಯ ಎಪಿಐ ಜಾರ್ (ಲೈಬ್ರರಿ ಕಡತ) ನಿಮ್ಮ ವಾರ್ ಕಡತದ (ಸರ್ವರ್‌ಗೆ ಏರಿಸುವ ಅಪ್ಲಿಕೇಶನ್ ಕಟ್ಟಿನ) ಲಿಬ್ ಫೋಲ್ಡರ್‌ನಲ್ಲಿ ಉಳಿದಿದ್ದರೆ ಕ್ಲಾಸ್ ಲೋಡ್ ಆಗುತ್ತದೆ, ಅಪ್ಲಿಕೇಶನ್ ಏರುತ್ತದೆ, ಫೀಲ್ಡ್ ಮಾತ್ರ ಖಾಲಿ. ನೂರು ಕ್ಲಾಸ್ ಬದಲಾಯಿಸಿ ಒಂದನ್ನು ಮರೆತರೂ ಸಾಕು. ಮೇಲೆ ಹೇಳಿದ ನಲ್ ಸಂದೇಶದಲ್ಲಿ ಪ್ಯಾಕೇಜ್ ಹೆಸರು ಪೂರ್ತಿ ಇರುವುದರಿಂದ ಇದನ್ನು ಅಲ್ಲೇ ಹಿಡಿಯಬಹುದು. ಎಪಿಐ ಜಾರ್‌ಗಳನ್ನು ಮೇವನ್ ಎಂಬ ಬಿಲ್ಡ್ ಸಾಧನದಲ್ಲಿ 'ಪ್ರೊವೈಡೆಡ್' ಎಂದೇ ಇಡಿ. ಅವು ಸರ್ವರ್‌ನವು, ನಿಮ್ಮ ವಾರ್‌ನೊಳಗೆ ಅವುಗಳಿಗೆ ಕೆಲಸವಿಲ್ಲ.

ಆಮೇಲೆ ವೆಬ್ ಎಕ್ಸ್‌ಎಂಎಲ್, ಅಪ್ಲಿಕೇಶನ್‌ನ ಸಂರಚನೆಯ ಕಡತ. ಅದರ ಮೇಲ್ಭಾಗದಲ್ಲಿ ಮೆಟಾಡೇಟಾ ಕಂಪ್ಲೀಟ್ ಎಂಬುದಕ್ಕೆ ಟ್ರೂ ಇದ್ದರೆ ಸರ್ವ್ಲೆಟ್‌ಗಳ ಅನೊಟೇಶನ್‌ಗಳನ್ನು ಓದಬೇಡ ಎಂದು ನೀವೇ ಹೇಳಿದಂತೆ. ಹಳೆಯ ಪ್ರಾಜೆಕ್ಟ್‌ನಿಂದ ನಕಲು ಮಾಡಿದ 2.4ರ ಆವೃತ್ತಿಯ ತಲೆಬರಹವಿದ್ದರೂ ಅದೇ ಪರಿಣಾಮ. ಎಷ್ಟೋ ಕಚೇರಿಗಳಲ್ಲಿ ಈ ಕಡತ ಹತ್ತು ವರ್ಷದಿಂದ ಕೈಯಿಂದ ಕೈಗೆ ಬಂದದ್ದು, ಯಾರೂ ತೆರೆದು ನೋಡಿರುವುದಿಲ್ಲ.

ಇನ್ನು ಸರ್ವರ್ ಯಾವುದು ಎಂಬುದು. ಟಾಮ್‌ಕ್ಯಾಟ್ ಎಂಬುದು ಸರ್ವ್ಲೆಟ್ ಕಂಟೈನರ್, ಎಂಟಿಟಿ ಮ್ಯಾನೇಜರ್ ಒದಗಿಸುವ ಹೊಣೆ ಅದರದಲ್ಲ. ವೈಲ್ಡ್‌ಫ್ಲೈ, ಪಯಾರಾ, ಓಪನ್ ಲಿಬರ್ಟಿ, ಟಾಮಿಇಇ ಇವು ಒದಗಿಸುತ್ತವೆ. ಟಾಮ್‌ಕ್ಯಾಟ್‌ನಲ್ಲೇ ಇರಬೇಕಾದರೆ ಸ್ಪ್ರಿಂಗ್ ಫ್ರೇಮ್‌ವರ್ಕ್ ಸೇರಿಸಿಕೊಳ್ಳಿ, ಇಲ್ಲವೇ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಯನ್ನು ನೀವೇ ಮಾಡಿಕೊಳ್ಳಿ. ಹಾಗೆ ಮಾಡಿಕೊಳ್ಳುವಾಗ ಎಡವಿದ ಒಂದು ಪ್ರಸಂಗವನ್ನು ಕೊನೆಯಲ್ಲಿ ಹೇಳುತ್ತೇನೆ.

ಏರುವಾಗಲೇ ಕೂಗುವ ದೋಷಗಳು

ಇವು ಬೇಗ ಮುಗಿಯುತ್ತವೆ. ಪರ್ಸಿಸ್ಟೆನ್ಸ್ ಯೂನಿಟ್ (ಡೇಟಾಬೇಸ್ ಬಳಕೆಯ ಸಂರಚನೆ) ಸಿಗಲಿಲ್ಲ ಎಂದು ಬಂದರೆ ವಾರ್ ಕಡತವನ್ನು ಬಿಚ್ಚಿ, ವೆಬ್-ಇನ್ಫ್, ಅದರೊಳಗೆ ಕ್ಲಾಸಸ್, ಅದರೊಳಗೆ ಮೆಟಾ-ಇನ್ಫ್‌ನಲ್ಲಿ ಪರ್ಸಿಸ್ಟೆನ್ಸ್ ಎಕ್ಸ್‌ಎಂಎಲ್ ಇದೆಯೇ ಎಂದು ಕಣ್ಣಾರೆ ನೋಡಿ. ಮೇವನ್‌ನ ವೆಬ್‌ಆ್ಯಪ್ ಫೋಲ್ಡರಿನ ಮೆಟಾ-ಇನ್ಫ್‌ನಲ್ಲಿ ಇಟ್ಟವರ ಕಡತ ವಾರ್‌ನ ಹೊರಪದರದಲ್ಲಿ ಕುಳಿತಿರುತ್ತದೆ, ಅಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. ರಿಸೋರ್ಸಸ್ ಫೋಲ್ಡರ್‌ನಲ್ಲಿ ಇಟ್ಟರೆ ಸರಿಯಾದ ಜಾಗಕ್ಕೆ ಹೋಗುತ್ತದೆ. ಯೂನಿಟ್ ಒಂದೇ ಇದ್ದರೆ ಅನೊಟೇಶನ್‌ನಲ್ಲಿ ಹೆಸರು ಬೇಕಿಲ್ಲ. ಎರಡನೆಯದನ್ನು ಸೇರಿಸಿದ ದಿನದಿಂದ ಹೆಸರು ಹೇಳಲೇಬೇಕು. ವಹಿವಾಟಿನ (ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಡೇಟಾಬೇಸ್ ಕೆಲಸದ ಕಟ್ಟು) ಬಗೆ ರಿಸೋರ್ಸ್ ಲೋಕಲ್ ಎಂದಿದ್ದರೆ ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್ ಅನೊಟೇಶನ್ ಜೊತೆ ಅದು ಹೊಂದುವುದಿಲ್ಲ, ಕಂಟೈನರ್ ನಡೆಸುವ ಜೆಟಿಎ ಬಗೆ ಬೇಕು.

ವೆಲ್ಡ್ (ಸಿಡಿಐ ಜಾರಿಗೊಳಿಸುವ ತಂತ್ರಾಂಶ) 001408 ಎಂಬ ಸಂಖ್ಯೆಯೊಂದಿಗೆ 'ಅವಲಂಬನೆ ಪೂರೈಸಲಿಲ್ಲ' ಎಂದು ಬಂದರೆ ಎರಡು ಸಂಶಯ ಪಡಿ. ಒಂದು, ಎಂಟಿಟಿ ಮ್ಯಾನೇಜರ್ ಮೇಲೆ ಇಂಜೆಕ್ಟ್ ಅನೊಟೇಶನ್ ಹಚ್ಚಿದ್ದೀರಿ, ಅದನ್ನು ಒದಗಿಸುವ ಪ್ರೊಡ್ಯೂಸರ್ ಬರೆದಿಲ್ಲ. ಜಕಾರ್ತಾ ಇಇ 11ರ ಪರ್ಸಿಸ್ಟೆನ್ಸ್ 3.2ರಲ್ಲಿ ಇದಕ್ಕೆ ನೇರ ದಾರಿ ಬಂದಿದೆ, ಅದಕ್ಕೂ ಹಿಂದಿನ ಸರ್ವರ್‌ಗಳಲ್ಲಿ ಪ್ರೊಡ್ಯೂಸರ್ ಬೇಕೇ ಬೇಕು. ಇನ್ನೊಂದು, ನಿಮ್ಮ ಸೇವಾ ಕ್ಲಾಸ್‌ಗೆ ಸ್ಕೋಪ್ ಅನೊಟೇಶನ್ ಇಲ್ಲ. ಖಾಲಿ ಬೀನ್ಸ್ ಎಕ್ಸ್‌ಎಂಎಲ್ ಇಟ್ಟರೆ ಎಲ್ಲ ಕ್ಲಾಸ್‌ಗಳೂ ಬೀನ್ ಆಗುತ್ತಿದ್ದ ಕಾಲ ಸಿಡಿಐ 4.0ಕ್ಕೆ ಮುಗಿಯಿತು. ಈಗ ಖಾಲಿ ಕಡತವಿದ್ದರೆ ಅನೊಟೇಶನ್ ಇರುವ ಕ್ಲಾಸ್‌ಗಳು ಮಾತ್ರ ಬೀನ್ ಆಗುತ್ತವೆ. ಜಾವಾ ಇಇ 8ರಿಂದ ಜಕಾರ್ತಾ ಇಇ 10ಕ್ಕೆ ಏರಿದವರು ಇಲ್ಲಿ ಮುಗ್ಗರಿಸುತ್ತಾರೆ.

ಎಂಟಿಟಿ ಮ್ಯಾನೇಜರ್ ಬಂದಿದೆ, ಬರೆಯುತ್ತಿಲ್ಲ

ಬ್ಯಾಡಗಿಯಲ್ಲಿ 'ನ್ಯೂ' ತೆಗೆದ ಕೂಡಲೇ ನಲ್ ಹೋಯಿತು, ಅದರ ಜಾಗದಲ್ಲಿ ಟ್ರಾನ್ಸಾಕ್ಷನ್ ರಿಕ್ವೈರ್ಡ್ ಎಕ್ಸೆಪ್ಶನ್ ಬಂದು ನಿಂತಿತು. ಗುಮಾಸ್ತರಿಗೆ ಎರಡೂ ಒಂದೇ, ರಸೀದಿ ಇಲ್ಲ. ನಮಗೆ ಮಾತ್ರ ಅದು ಮುನ್ನಡೆ: ಇಂಜೆಕ್ಷನ್ ಆಗಿದೆ, ವಹಿವಾಟು ತೆರೆದಿಲ್ಲ. ಕಂಟೈನರ್ ಕೊಟ್ಟ ಎಂಟಿಟಿ ಮ್ಯಾನೇಜರ್ ವಹಿವಾಟು ಇಲ್ಲದೆಯೂ ಓದಿಕೊಡುತ್ತದೆ, ಬರೆಯಲು ಒಪ್ಪುವುದಿಲ್ಲ. ಸೇವಾ ಕ್ಲಾಸನ್ನು ಸ್ಟೇಟ್‌ಲೆಸ್ ಇಜೆಬಿ (ಕಂಟೈನರ್ ನಡೆಸುವ ಇನ್ನೊಂದು ಬಗೆಯ ಬೀನ್) ಮಾಡಿದರೆ ವಹಿವಾಟು ತಾನಾಗಿ ತೆರೆಯುತ್ತದೆ. ಸಿಡಿಐ ಬೀನ್ ಆದರೆ ಮೆಥಡ್‌ಗೆ ಟ್ರಾನ್ಸಾಕ್ಷನಲ್ ಅನೊಟೇಶನ್ ಬೇಕು. ಇದು 2013ರ ಜಾವಾ ಇಇ 7ರಿಂದ ಇದೆ.

ಅನೊಟೇಶನ್ ಹಚ್ಚಿಯೂ ಅದೇ ದೋಷ ಬಂದರೆ ಮೆಥಡ್ ಅನ್ನು ಕರೆದವರು ಯಾರೆಂದು ನೋಡಿ. ಅದೇ ಕ್ಲಾಸಿನ ಇನ್ನೊಂದು ಮೆಥಡ್ ಕರೆದಿದ್ದರೆ ಕರೆ ಪ್ರಾಕ್ಸಿಯ ಮೂಲಕ ಹಾಯದೆ ಒಳಗಿಂದೊಳಗೇ ಹೋಗಿರುತ್ತದೆ, ವಹಿವಾಟು ತೆರೆಯುವ ಇಂಟರ್ಸೆಪ್ಟರ್‌ಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಟ್ರಾನ್ಸಾಕ್ಷನಲ್ ಮೆಥಡ್‌ನಿಂದ ರನ್‌ಟೈಮ್ ಎಕ್ಸೆಪ್ಶನ್ ಹೊರಬಿದ್ದರೆ ಬರೆದದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಐಓ ಎಕ್ಸೆಪ್ಶನ್‌ನಂಥ ಚೆಕ್ಡ್ ಎಕ್ಸೆಪ್ಶನ್ ಬಿದ್ದರೆ ಹಾಗಾಗುವುದಿಲ್ಲ, ಬರೆದದ್ದು ಉಳಿದುಬಿಡುತ್ತದೆ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡು ರಸೀದಿ ಬರದಿದ್ದರೂ ದಾಖಲೆ ಉಳಿಯುತ್ತದೆ, ಗುಮಾಸ್ತರು ಮತ್ತೆ ಒತ್ತುತ್ತಾರೆ, ಒಂದೇ ಗಾಡಿಯ ಚೀಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಯಾವ ಎಕ್ಸೆಪ್ಶನ್‌ಗೆ ಹಿಂದಕ್ಕೆ ಹೋಗಬೇಕು ಎಂಬುದನ್ನು ರೋಲ್‌ಬ್ಯಾಕ್ ಆನ್ ಎಂಬ ಗುಣದಲ್ಲಿ ಬಾಯಿಬಿಟ್ಟು ಹೇಳಿಬಿಡಿ.

ಎರಡು ಕೌಂಟರ್, ಒಂದೇ ಎಂಟಿಟಿ ಮ್ಯಾನೇಜರ್

ಮೇಲೆ ಹೇಳುತ್ತೇನೆಂದ ಟಾಮ್‌ಕ್ಯಾಟ್ ಪ್ರಸಂಗ ಇದು. ದಲಾಲಿ ಅಂಗಡಿಯೊಂದಕ್ಕೆ ಬೇರೆಯವರು ಮಾಡಿದ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ನಮಗೆ ಬಂದಿತ್ತು. ದೂರು ಹೀಗಿತ್ತು: ರೈತನ ಕೈಯಲ್ಲಿ ಮುದ್ರಿತ ಚೀಟಿ ಇದೆ, ಕಂಪ್ಯೂಟರ್‌ನಲ್ಲಿ ಆ ಸಂಖ್ಯೆಯೇ ಇಲ್ಲ. ವಾರಕ್ಕೆ ಒಂದೋ ಎರಡೋ ಸಲ, ಅದೂ ವ್ಯಾಪಾರದ ದಿನ ಮಾತ್ರ. ಹುಬ್ಬಳ್ಳಿಯಲ್ಲಿ ಕುಳಿತು ನಾವು ಇನ್ನೂರು ನಮೂದು ಮಾಡಿದರೂ ಒಂದೂ ತಪ್ಪಲಿಲ್ಲ. ಕೊನೆಗೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೇ ಹೋಗಿ, ಆ ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಮಾಲಿನ ಘಾಟಿಗೆ ಸೀನುತ್ತ ನೋಡಿದಾಗ ತಿಳಿದದ್ದು ಇಷ್ಟು: ವ್ಯಾಪಾರದ ದಿನ ಅಲ್ಲಿ ಎರಡು ಕೌಂಟರ್ ತೆರೆಯುತ್ತಾರೆ.

ಸರ್ವ್ಲೆಟ್ ಆಬ್ಜೆಕ್ಟ್ ಇರುವುದು ಒಂದೇ. ಎಷ್ಟು ಜನ ಒಟ್ಟಿಗೆ ಬಂದರೂ ಆ ಒಂದೇ ಆಬ್ಜೆಕ್ಟ್‌ನೊಳಗೆ ಬೇರೆ ಬೇರೆ ಥ್ರೆಡ್‌ಗಳು (ಒಟ್ಟಿಗೆ ಸಾಗುವ ಕೆಲಸದ ಎಳೆಗಳು) ಓಡುತ್ತವೆ. ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಯನ್ನು ಥ್ರೆಡ್‌ಗಳು ಹಂಚಿಕೊಳ್ಳಬಹುದು, ಎಂಟಿಟಿ ಮ್ಯಾನೇಜರ್ ಅನ್ನು ಹಂಚಿಕೊಳ್ಳಬಾರದು. ಆ ಕೋಡ್‌ನಲ್ಲಿ ಸರ್ವ್ಲೆಟ್‌ನ ಇನಿಟ್ ಮೆಥಡ್‌ನಲ್ಲಿ ಒಂದು ಎಂಟಿಟಿ ಮ್ಯಾನೇಜರ್ ಮಾಡಿ ಫೀಲ್ಡ್‌ನಲ್ಲಿ ಇಟ್ಟುಕೊಂಡಿದ್ದರು. ಎರಡು ಥ್ರೆಡ್ ಒಟ್ಟಿಗೆ ವಹಿವಾಟು ಆರಂಭಿಸಿದಾಗ 'ವಹಿವಾಟು ಆಗಲೇ ಚಾಲೂ ಇದೆ' ಎಂದು ಎಕ್ಸೆಪ್ಶನ್ ಬಂದಿರಬೇಕು. ಅದನ್ನು ತಡೆಯಲು ಯಾರೋ 'ಚಾಲೂ ಇಲ್ಲದಿದ್ದರೆ ಮಾತ್ರ ಆರಂಭಿಸು', 'ಚಾಲೂ ಇದ್ದರೆ ಮಾತ್ರ ಕಮಿಟ್ ಮಾಡು' ಎಂದು ಎರಡು ಷರತ್ತು ಸೇರಿಸಿದ್ದರು. ಎಚ್ಚರಿಸುತ್ತಿದ್ದ ಎಕ್ಸೆಪ್ಶನ್‌ನ ಬಾಯಿ ಮುಚ್ಚಿತು, ದೋಷ ಒಳಗೆ ಇಳಿಯಿತು.

ನಡೆಯುತ್ತಿದ್ದದ್ದು ಇಷ್ಟು. ಮೊದಲ ಕೌಂಟರ್ ವಹಿವಾಟು ತೆರೆದು ತೂಕ ದಾಖಲಿಸುತ್ತದೆ. ಅಷ್ಟರಲ್ಲಿ ಎರಡನೆಯ ಕೌಂಟರ್ ಬರುತ್ತದೆ, ವಹಿವಾಟು ಚಾಲೂ ಇದೆ ಎಂದು ಅದರಲ್ಲೇ ಸೇರಿಕೊಳ್ಳುತ್ತದೆ. ಎರಡನೆಯವರು ತೂಕದ ಜಾಗ ಖಾಲಿ ಬಿಟ್ಟಿದ್ದರಿಂದ ಅವರ ನಮೂದು ತಪ್ಪಾಗುತ್ತದೆ, ರೋಲ್‌ಬ್ಯಾಕ್ ಆಗುತ್ತದೆ. ಹೋಗುವುದು ಇಬ್ಬರದೂ. ಮೊದಲ ಕೌಂಟರ್ ಕಮಿಟ್‌ಗೆ ಬಂದಾಗ ವಹಿವಾಟು ಚಾಲೂ ಇರುವುದಿಲ್ಲ. ಷರತ್ತಿನ ಪ್ರಕಾರ ಸುಮ್ಮನೆ ಮುಂದೆ ಹೋಗಿ ಚೀಟಿ ಮುದ್ರಿಸುತ್ತದೆ. ರೈತ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಊರಿಗೆ ಹೋಗುತ್ತಾನೆ.

ನಾವು ಫ್ಯಾಕ್ಟರಿಯನ್ನು ಅಪ್ಲಿಕೇಶನ್ ಏರುವಾಗ ಒಂದೇ ಸಲ, ಲಿಸನರ್‌ನಲ್ಲಿ ಮಾಡಿಟ್ಟೆವು, ಏಕೆಂದರೆ ಅದನ್ನು ಮಾಡುವುದು ದುಬಾರಿ. ಎಂಟಿಟಿ ಮ್ಯಾನೇಜರ್ ಅನ್ನು ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ, ಮೆಥಡ್‌ನ ಒಳಗೆ, ಲೋಕಲ್ ವೇರಿಯೇಬಲ್ ಆಗಿ ತೆಗೆದುಕೊಂಡು, ಫೈನಲಿ ಭಾಗದಲ್ಲಿ ಮುಚ್ಚಿದೆವು. ಮುಚ್ಚುವುದನ್ನು ಮರೆತರೆ ಕನೆಕ್ಷನ್ ಪೂಲ್ ಸೋರುತ್ತ ಹೋಗುತ್ತದೆ. ಆ ಎರಡು ಷರತ್ತುಗಳನ್ನು ಕಿತ್ತುಹಾಕಿದೆವು. ಜಕಾರ್ತಾ ಸರ್ವರ್‌ನಲ್ಲಿ ಕಂಟೈನರ್ ಇಂಜೆಕ್ಟ್ ಮಾಡುವ ಎಂಟಿಟಿ ಮ್ಯಾನೇಜರ್ ಬಹುಪಾಲು ಪ್ರಾಕ್ಸಿಯಾಗಿದ್ದು, ವಹಿವಾಟಿಗೊಂದರಂತೆ ಒಳಗಿನದನ್ನು ಬದಲಿಸಿಕೊಳ್ಳುತ್ತದೆ ನಿಜ. ಆದರೂ ಸರ್ವ್ಲೆಟ್, ಫಿಲ್ಟರ್‌ಗಳ ಫೀಲ್ಡ್‌ನಲ್ಲಿ ಅದನ್ನು ಇಡುವುದನ್ನು ನಾನು ಒಪ್ಪುವುದಿಲ್ಲ. ಥ್ರೆಡ್‌ಗಳ ನಡುವೆ ಅದು ಸುರಕ್ಷಿತವಾಗಿರಲೇಬೇಕೆಂದು ನಿಯಮಾವಳಿ ಹೇಳಿಲ್ಲ. ಸ್ಟೇಟ್‌ಲೆಸ್ ಇಜೆಬಿಯಲ್ಲೋ ರಿಕ್ವೆಸ್ಟ್ ಸ್ಕೋಪಿನ ಬೀನ್‌ನಲ್ಲೋ ಇಟ್ಟು, ಸರ್ವ್ಲೆಟ್ ಆ ಬೀನ್ ಅನ್ನು ಕರೆದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಈಗ ಯಾವುದೇ ಹೊಸ ಆವೃತ್ತಿ ಕಳುಹಿಸುವ ಮುನ್ನ ನಮ್ಮ ಕಚೇರಿಯಲ್ಲಿ ಎರಡು ಟರ್ಮಿನಲ್ ತೆರೆಯುತ್ತೇವೆ. ಒಂದರಿಂದ 500 ಕಡ್ಡಿ, ಇನ್ನೊಂದರಿಂದ 500 ಡಬ್ಬಿ, ಒಟ್ಟಿಗೆ. ನಡುನಡುವೆ ಬೇಕೆಂದೇ ತೂಕವಿಲ್ಲದ ನಮೂದುಗಳನ್ನು ಸೇರಿಸುತ್ತೇವೆ. ಮುಗಿದ ಮೇಲೆ ಮುದ್ರಣಕ್ಕೆ ಹೋದ ಚೀಟಿಗಳ ಸಂಖ್ಯೆಯನ್ನೂ ಟೇಬಲ್‌ನಲ್ಲಿ ಉಳಿದ ಸಾಲುಗಳ ಸಂಖ್ಯೆಯನ್ನೂ ಚೀಲಗಳ ಒಟ್ಟು ಮೊತ್ತವನ್ನೂ ತಾಳೆ ನೋಡುತ್ತೇವೆ. ಒಂದು ಚೀಲ ಹೆಚ್ಚುಕಡಿಮೆಯಾದರೂ ಆವೃತ್ತಿ ಬ್ಯಾಡಗಿಗೆ ಹೋಗುವುದಿಲ್ಲ.